ವಾಲಿಬಾಲ್: ಪಾಸ್ ಕಲಿಕೆಯ ಸಲಕರಣೆಗಳು

ಎದುರಾಳಿಯ ಸರ್ವ್ ಅನ್ನು ಮುಂಗೈಗಳ ಮೇಲೆ ಪಡೆದು ಸೆಟ್ಟರ್‌ಗೆ ತಲುಪಿಸುವ ಪಾಸ್ ಕೆಟ್ಟರೆ ತಂಡದಲ್ಲಿ ಎಂತಹ ಸ್ಮ್ಯಾಷರ್ ಇದ್ದರೂ ಪ್ರಯೋಜನವಿಲ್ಲ. ಅಭ್ಯಾಸದ ವೇಳೆ ತೋಳುಗಳು ಬೇರ್ಪಡದಂತೆ ಹಿಡಿದಿಡಲು ಎಲಾಸ್ಟಿಕ್ ಪಟ್ಟಿಗಳಿವೆ. ಒಂಟಿಯಾಗಿ ಕಲಿಯುವವರಿಗೆ ಹಗ್ಗಕ್ಕೆ ಕಟ್ಟಿದ ಚೆಂಡು ಇದೆ. ಪಂದ್ಯದ ಚೆಂಡಿನ ತೂಕ 260ರಿಂದ 280 ಗ್ರಾಂ. ಅದಕ್ಕಿಂತ ಭಾರವಾದ ತರಬೇತಿ ಚೆಂಡು ಬೆರಳುಗಳಿಂದ ಎತ್ತಿಕೊಡುವ ಸೆಟ್ಟರ್‌ಗಳಿಗಾಗಿ ರೂಪಿಸಿದ್ದು, ಮುಂಗೈ ಪಾಸ್ ಕಲಿಯುವವರು ಅದಕ್ಕೆ ಹಣ ಸುರಿಯಬೇಕಿಲ್ಲ.

ಪಟ್ಟಿ ಕೈಯನ್ನು ತಿದ್ದೀತು, ಕಾಲನ್ನಲ್ಲ. ಚೆಂಡು ಬೀಳುವೆಡೆಗೆ ಮೊದಲೇ ಸರಿದು ಮೊಣಕಾಲು ಬಗ್ಗಿಸಿ ನಿಲ್ಲುವುದು ಅಭ್ಯಾಸದಿಂದಲೇ ಬರಬೇಕು.

ಬೇಲೂರು ತಾಲ್ಲೂಕಿನ ಅರೇಹಳ್ಳಿಯಂತಹ ಮಲೆನಾಡಿನ ಊರುಗಳಲ್ಲಿ ಮಳೆಗಾಲಕ್ಕೆ ಬಯಲು ಅಂಕಣ ಕೆಸರಾಗುತ್ತದೆ. ಆಗ ಸೂರಿನಡಿಯ ಗೋಡೆಯೇ ಸಲಕರಣೆ. ನೆಟ್‌ನ ಎತ್ತರಕ್ಕೆ, ಅಂದರೆ ಪುರುಷರಿಗೆ 2.43, ಮಹಿಳೆಯರಿಗೆ 2.24 ಮೀಟರ್‌ಗೆ, ಸೀಮೆಸುಣ್ಣದ ಗೆರೆ ಎಳೆದು ಅದರ ಮೇಲ್ಭಾಗಕ್ಕೆ ಚೆಂಡನ್ನು ಪುಟಿಸುತ್ತಿರಬೇಕು. ಮೊಣಕೈ ಮಡಿಸಿದವರ ಚೆಂಡು ಗೋಡೆ ಮುಟ್ಟದೆ ತಲೆಯ ಮೇಲೆ ಹಿಂದಕ್ಕೆ ಹಾರುತ್ತದೆ.