ಪ್ರಾಥಮಿಕ ಶಾಲೆಯ ಆಟೋಟ: ನ್ಯೂಯಾರ್ಕ್ ನಗರದ ಒಂದು ಪ್ರಯೋಗ

ಅಂಗಸಾಧನೆಯು ವಿದ್ಯೆಗೆ ವಿರೋಧಿಯಲ್ಲವೆಂಬುದು ನಮ್ಮ ಪೂರ್ವಿಕರಿಗೆ ಹೊಸದಾಗಿ ಹೇಳಬೇಕಾದ ಮಾತಾಗಿರಲಿಲ್ಲ. ಕಾಳಿದಾಸನ ಕುಮಾರಸಂಭವದಲ್ಲಿ ವಟುವೇಷದಿಂದ ಬಂದ ಶಿವನು ಪಾರ್ವತಿಗೆ ಹಾಕುವ ಕುಶಲಪ್ರಶ್ನೆಗಳಲ್ಲಿ, ದೇಹಶಕ್ತಿಗೆ ತಕ್ಕಷ್ಟೇ ತಪಸ್ಸು ನಡೆಯುತ್ತಿದೆಯೇ ಎಂಬುದೂ ಒಂದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದೆ. ಮಲ್ಲರ ವರ್ಗಭೇದ, ಅವರ ಆಹಾರ, ನಿತ್ಯದ ಅಭ್ಯಾಸ, ಇವೆಲ್ಲವೂ ಅಲ್ಲಿ ಸವಿಸ್ತಾರವಾಗಿ ಬಂದಿವೆ. ಕನ್ನಡನಾಡಿನ ಊರೂರುಗಳ ಗರಡಿಮನೆಗಳು ಇದೇ ಸಂಪ್ರದಾಯವನ್ನು ಕೆಮ್ಮಣ್ಣಿನ ಮಟ್ಟಿಯಲ್ಲಿ ಕಾಪಾಡಿಕೊಂಡು ಬಂದುವು.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಮಾನಸೋಲ್ಲಾಸದ ಮಲ್ಲನು ಆಯ್ದು ತೆಗೆದವನು. ರಾಜನ ವಿನೋದಕ್ಕಾಗಿ ಹಾಲುತುಪ್ಪಗಳಿಂದ ಪೋಷಿತನಾದವನು. ಗರಡಿಗೆ ಬರುವವನೂ ಮೈಯಲ್ಲಿ ಕಸುವಿದ್ದು, ಮನಸ್ಸಿನಲ್ಲಿ ಇಚ್ಛೆಯಿದ್ದು ಬರುವವನೇ. ಪ್ರಾಥಮಿಕ ಪಾಠಶಾಲೆಯ ಸ್ಥಿತಿ ಹಾಗಲ್ಲ. ಅಲ್ಲಿಗೆ ಬಲಿಷ್ಠನೂ ಬರುತ್ತಾನೆ, ಬಡಕಲನೂ ಬರುತ್ತಾನೆ. ಓಟವೆಂದರೆ ಹಿಗ್ಗುವ ಹುಡುಗನ ಪಕ್ಕದಲ್ಲೇ ಓಟವೆಂದರೆ ಮೂಲೆಗೆ ಸರಿಯುವ ಹುಡುಗನೂ ಕುಳಿತಿರುತ್ತಾನೆ. ಇವರೆಲ್ಲರಿಗೂ ಒಂದೇ ಅಂಗಳದಲ್ಲಿ ಆಟ ಕಲಿಸುವ ಬಗೆ ಹೇಗೆ? ಗೆಲ್ಲುವವರನ್ನು ಹುರಿದುಂಬಿಸಿದರೆ ಉಳಿದವರು ಪ್ರೇಕ್ಷಕರಾಗುತ್ತಾರೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸಿದರೆ ಅದರಲ್ಲಿ ಆಟವೇ ಉಳಿಯುವುದಿಲ್ಲ. ಈ ತೊಡಕನ್ನು ಬಿಡಿಸಲು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಡೆದ ಪ್ರಯತ್ನವು ಇಂದಿಗೂ ವಿಚಾರಾರ್ಹವಾದುದು.

1898ರಲ್ಲಿ ಸುತ್ತಣ ಊರುಗಳನ್ನು ಸೇರಿಸಿಕೊಂಡು ಬೆಳೆದ ಆ ನಗರದ ಜನಸಂಖ್ಯೆ 1900ರ ಗಣತಿಯಲ್ಲಿ 34 ಲಕ್ಷವನ್ನು ಮೀರಿತ್ತು. ಇಟಲಿ, ರಷ್ಯ, ಹಂಗೆರಿ ಮೊದಲಾದ ದೇಶಗಳಿಂದ ಹಡಗುಹಡಗಾಗಿ ಬಂದಿಳಿದ ಬಡ ಸಂಸಾರಗಳು ಗಾಳಿಬೆಳಕಿಲ್ಲದ ಬಹುಮಹಡಿಯ ಬಾಡಿಗೆಮನೆಗಳಲ್ಲಿ ಕಿಕ್ಕಿರಿದಿದ್ದುವು. ಮಕ್ಕಳಿಗೆ ಬೀದಿಯೇ ಅಂಗಳ. ಹೊಸ ಶಾಲೆ ಕಟ್ಟುವಾಗ ಬಯಲು ಆಟದ ಸ್ಥಳವೂ ಇರಬೇಕೆಂದು 1895ರಲ್ಲಿ ಕಾನೂನಾಯಿತು. ನೆಲಕ್ಕೆ ಚಿನ್ನದ ಬೆಲೆಯಿದ್ದ ಆ ಊರಿನಲ್ಲಿ ಬಯಲನ್ನು ಎಲ್ಲಿಂದ ತರುವುದು? ಶಾಲಾ ಕಟ್ಟಡಗಳ ಶಿಲ್ಪಿಯಾದ ಸ್ನೈಡರನು ಹಲವು ಶಾಲೆಗಳ ತಾರಸಿಯ ಮೇಲೆಯೇ ಆಟದ ಅಂಗಳಗಳನ್ನು ನಿರ್ಮಿಸಿದನು. ತರಗತಿಯೊಳಗಣ ಅಂಗಸಾಧನೆಯೋ, ನೆಲಕ್ಕೆ ಬಿಗಿದ ಮೇಜುಗಳ ನಡುವೆ ನಿಂತು ಉಪಾಧ್ಯಾಯಿನಿಯ ಆಜ್ಞೆಗೆ ಸರಿಯಾಗಿ ಕೈ ಎತ್ತಿ ಇಳಿಸುವ ಡ್ರಿಲ್ಲು. ಜರ್ಮನಿಯ ಯಾನ್, ಸ್ವೀಡನ್ನಿನ ಲಿಂಗ್ ಇವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉತ್ಸಾಹದಿಂದ ರೂಪಿಸಿದ ವ್ಯಾಯಾಮಪದ್ಧತಿಗಳು ಶಾಲೆಯ ಇಕ್ಕಟ್ಟಿಗೆ ಸಿಕ್ಕಿ ಇಷ್ಟಕ್ಕೆ ಬಂದು ನಿಂತಿದ್ದುವು.

1903ರಲ್ಲಿ ಈ ನಗರದ ಶಾಲೆಗಳ ಅಂಗಸಾಧನೆಯ ನಿರ್ದೇಶಕನಾಗಿ ಲೂಥರ್ ಹಾಲ್ಸಿ ಗ್ಯುಲಿಕ್ ನೇಮಕವಾದನು. ಮಿಷನರಿ ತಂದೆತಾಯಿಗಳಿಗೆ 1865ರಲ್ಲಿ ಹವಾಯಿಯ ಹೊನಲುಲುವಿನಲ್ಲಿ ಜನಿಸಿದ ಈತನು ವೈದ್ಯಶಾಸ್ತ್ರದಲ್ಲಿ ಪದವಿ ಪಡೆದವನು, ಸ್ಪ್ರಿಂಗ್‌ಫೀಲ್ಡಿನ ವೈ. ಎಂ. ಸಿ. ಎ. ಶಿಕ್ಷಣಶಾಲೆಯಲ್ಲಿ ಬಹುಕಾಲ ಅಂಗಸಾಧನೆಯ ವಿಭಾಗವನ್ನು ನಡಸಿದವನು. ಚಳಿಗಾಲದಲ್ಲಿ ಒಳಾಂಗಣದ ಕಸರತ್ತಿನಿಂದ ಬೇಸತ್ತ ವಿದ್ಯಾರ್ಥಿಗಳಿಗೆ ಏನಾದರೊಂದು ಹೊಸ ಆಟ ಹುಡುಕಿಕೊಡೆಂದು ಅವನು ಒತ್ತಾಯಮಾಡಿದ್ದರಿಂದಲೇ, 1891ರ ಡಿಸೆಂಬರಿನಲ್ಲಿ ಅವನ ಕೈಕೆಳಗಿನ ಜೇಮ್ಸ್ ನೈಸ್ಮಿತ್ ಬಾಸ್ಕೆಟ್ ಬಾಲ್ ಆಟವನ್ನು ಕಲ್ಪಿಸಿದನು. ಆಜ್ಞೆಯ ವ್ಯಾಯಾಮಕ್ಕಿಂತ ಆಟದ ವ್ಯಾಯಾಮ ಮೇಲೆಂಬ ನಂಬಿಕೆ ಗ್ಯುಲಿಕ್ಕನಲ್ಲಿ ಆಗಲೇ ಬೇರೂರಿತ್ತೆಂಬುದಕ್ಕೆ ಇದೇ ಸಾಕ್ಷಿ.

ಶಾಲಾವೇಳೆಯಲ್ಲಿ ಆಟಕ್ಕೆ ಎಡೆಯಿರಲಿಲ್ಲ. ಆದಕಾರಣ ಶಾಲೆ ಬಿಟ್ಟ ಮೇಲಣ ಹೊತ್ತನ್ನು ಅವನು ಹಿಡಿದನು. ಅಂತರ್ಯುದ್ಧದಲ್ಲಿ ಹೋರಾಡಿದ ಜನರಲ್ ವಿಂಗೇಟ್, ಹವ್ಯಾಸಿ ಕ್ರೀಡಾ ಒಕ್ಕೂಟದ ಜೇಮ್ಸ್ ಸಲಿವನ್ ಇವರ ಸಹಾಯದಿಂದ 1903ರ ಕೊನೆಯಲ್ಲಿ ಪಬ್ಲಿಕ್ ಸ್ಕೂಲ್ಸ್ ಅಥ್ಲೆಟಿಕ್ ಲೀಗ್ ಎಂಬ ಸಂಘ ಸ್ಥಾಪಿತವಾಯಿತು. ಇದು ಸರಕಾರದ ಇಲಾಖೆಯಲ್ಲ. ಶ್ರೀಮಂತರ ದಾನದಿಂದಲೂ ಉಪಾಧ್ಯಾಯರ ಸ್ವಯಂಸೇವೆಯಿಂದಲೂ ನಡೆದ ಸಂಸ್ಥೆ. ಅದೇ ಡಿಸೆಂಬರ್ 26ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ವಿಶಾಲವಾದ ಸಭಾಂಗಣದಲ್ಲಿ ಮೊದಲನೆಯ ಕ್ರೀಡಾಕೂಟ ಜರುಗಿತು. ಸಾವಿರಕ್ಕೂ ಮಿಕ್ಕ ಹುಡುಗರು ಭಾಗವಹಿಸಿದರು. ಪಾಠದಲ್ಲಿಯೂ ನಡತೆಯಲ್ಲಿಯೂ ತೃಪ್ತಿಕರನಲ್ಲದ ಹುಡುಗನಿಗೆ ಪಂದ್ಯದಲ್ಲಿ ಪ್ರವೇಶವಿಲ್ಲವೆಂಬ ನಿಯಮವಿದ್ದುದರಿಂದ ಉಪಾಧ್ಯಾಯರ ಗೊಣಗಾಟವೂ ಕಡಿಮೆಯಾಯಿತು.

ಸಾವಿರ ಹುಡುಗರೆಂದರೆ ದೊಡ್ಡ ಸಂಖ್ಯೆಯೇ. ಆದರೆ ನಗರದ ಶಾಲೆಗಳಲ್ಲಿದ್ದ ಲಕ್ಷಾಂತರ ಮಕ್ಕಳ ಮುಂದೆ ಅದೆಷ್ಟರದು? ಪಂದ್ಯವೆಂದೊಡನೆ ಪ್ರತಿ ಶಾಲೆಯೂ ತನ್ನ ಚುರುಕಾದ ನಾಲ್ಕಾರು ಹುಡುಗರನ್ನು ಆಯ್ದು ತಿದ್ದುವುದು, ಮಿಕ್ಕವರು ಕೂಗಿ ಹುರಿದುಂಬಿಸುವುದು, ಇದು ಎಲ್ಲ ಕಾಲದ ಎಲ್ಲ ಊರಿನ ರೂಢಿ. ಯಾರಿಗೆ ವ್ಯಾಯಾಮದ ಅಗತ್ಯ ಅತ್ಯಲ್ಪವೋ ಅವರಿಗೇ ಅದು ಹೆಚ್ಚಾಗಿ ದೊರೆಯುತ್ತದೆ. ಗ್ಯುಲಿಕ್ ಇದನ್ನು ಚೆನ್ನಾಗಿ ಅರಿತಿದ್ದನು. ಅವನೂ ಅವನ ಸಂಗಡಿಗರೂ ಕಂಡುಕೊಂಡ ಪರಿಹಾರಕ್ಕೆ ತರಗತಿಯ ಪಂದ್ಯವೆನ್ನಬಹುದು.

ಇದರ ಕ್ರಮ ಬಲು ಸರಳ. ಪೈಪೋಟಿ ಹುಡುಗ ಹುಡುಗರಿಗಲ್ಲ, ತರಗತಿ ತರಗತಿಗಳಿಗೆ. ಐದರಿಂದ ಎಂಟನೆಯವರೆಗಿನ ತರಗತಿಗಳಲ್ಲಿ ಹಾಜರಿ ಪುಸ್ತಕದಲ್ಲಿರುವ ಹುಡುಗರ ಪೈಕಿ ನೂರಕ್ಕೆ 80 ಮಂದಿಯಾದರೂ ಪಾಲ್ಗೊಳ್ಳಲೇಬೇಕು. ಇಲ್ಲವಾದರೆ ಆ ತರಗತಿಯ ಲೆಕ್ಕ ಹಿಡಿಯುವುದಿಲ್ಲ. ನಿಂತಲ್ಲಿಂದಲೇ ಉದ್ದಕ್ಕೆ ನೆಗೆಯುವುದು, ಅಡ್ಡಕಂಬಿಗೆ ಜೋತು ಗದ್ದವು ಕಂಬಿಯನ್ನು ಮುಟ್ಟುವಂತೆ ಮೈಯನ್ನು ಮೇಲೆತ್ತುವುದು, ಓಡುವುದು, ಇವನ್ನು ವರ್ಷದ ಒಂದೊಂದು ಕಾಲಕ್ಕೆ ಒಂದೊಂದರಂತೆ ನಡಸುತ್ತಿದ್ದರು. ಎಲ್ಲರ ನೆಗೆತವನ್ನೂ ಅಳೆದು, ಕೂಡಿಸಿ, ನೆಗೆದವರ ಸಂಖ್ಯೆಯಿಂದ ಭಾಗಿಸಿ ಬಂದುದೇ ತರಗತಿಯ ಅಂಕ. ಏರುತಗ್ಗುಳ್ಳ ಹೊಂಡದ ಆಳವನ್ನು ಹಲವೆಡೆ ಅಳೆದು, ಅಳೆದ ಸ್ಥಾನಗಳ ಸಂಖ್ಯೆಯಿಂದ ಭಾಗಿಸಿ ಸಮಮಿತಿಯನ್ನು ತರಬೇಕೆಂದು ಭಾಸ್ಕರಾಚಾರ್ಯನು ಲೀಲಾವತಿಯ ಖಾತವ್ಯವಹಾರದಲ್ಲಿ ಹೇಳಿರುವನಷ್ಟೆ. ಲೆಕ್ಕ ಅದೇ, ಹೊಂಡದ ಬದಲು ಹುಡುಗರು!

ಇದರ ಮರ್ಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 40 ಹುಡುಗರ ತರಗತಿಯಲ್ಲಿ 32 ಮಂದಿ ನೆಗೆಯುತ್ತಾರೆಂದು ಇಟ್ಟುಕೊಳ್ಳೋಣ. ಅವರಲ್ಲೆಲ್ಲ ಗಟ್ಟಿಗನಾದವನು ಒಂದು ತಿಂಗಳು ಅಭ್ಯಾಸಮಾಡಿ 8 ಅಂಗುಲ ಹೆಚ್ಚಾಗಿ ನೆಗೆದರೆ ತರಗತಿಯ ಸಮಮಿತಿಗೆ ದೊರೆಯುವ ಲಾಭ ಕಾಲಂಗುಲ ಮಾತ್ರ. ಹಿಂದೆ ಬಿದ್ದಿರುವ 16 ಹುಡುಗರು ತಲಾ 2 ಅಂಗುಲ ಮುಂದುವರಿದರೆ ಲಾಭ ಒಂದು ಪೂರ್ಣ ಅಂಗುಲ. ಈ ಗಣಿತವು ಹುಡುಗರಿಗೆ ಬಹು ಬೇಗ ಅರ್ಥವಾಗತಕ್ಕದ್ದು. ಗಟ್ಟಿಗನು ತನ್ನ ಪಾಡಿಗೆ ತಾನು ನೆಗೆಯುತ್ತಿದ್ದರೆ ತರಗತಿ ಗೆಲ್ಲುವುದಿಲ್ಲ. ಹಿಂದುಳಿದವನ ಬಳಿ ಹೋಗಿ, ಮೊಣಕಾಲನ್ನು ಹೇಗೆ ಮಡಿಸಬೇಕು, ತೋಳನ್ನು ಹೇಗೆ ಬೀಸಬೇಕೆಂದು ಹೇಳಿಕೊಡುವುದು ಅವನ ಸ್ವಾರ್ಥಕ್ಕೇ ಸೇರಿದ ಕೆಲಸವಾಗುತ್ತದೆ. ಪರೋಪಕಾರದ ಉಪದೇಶ ಮಾಡದೆಯೇ ಪರೋಪಕಾರ ಮಾಡಿಸುವ ಉಪಾಯವಿದು. ಇದರಲ್ಲಿ ಕುಂದೂ ಇಲ್ಲದಿಲ್ಲ. ತರಗತಿಯ ಅಂಕವನ್ನು ಇಳಿಸುವವನೆಂದು ದುರ್ಬಲನಾದ ಹುಡುಗನನ್ನು ಒಡನಾಡಿಗಳು ಹೀಯಾಳಿಸುವ ಭಯ ಇದ್ದೇ ಇದೆ. ನೂರಕ್ಕೆ 20 ಮಂದಿಯನ್ನು ಬಿಡಲು ಅವಕಾಶವಿದ್ದುದು ರೋಗಿಗಳಿಗೂ ಗೈರುಹಾಜರಾದವರಿಗೂ ಅನುಕೂಲವೇ. ಆದರೆ ನಿಜವಾಗಿ ಆಟ ಬೇಕಾಗಿದ್ದ ಕೊನೆಯ ನಾಲ್ಕಾರು ಹುಡುಗರನ್ನು ಹೊರಗೆ ನಿಲ್ಲಿಸಲು ಅದೇ ಕಿಂಡಿಯೂ ಆಗಬಹುದು. ಇದರಿಂದ ಕಾಪಾಡುವ ನಿಯಮವನ್ನು ಯಾರೂ ಬರೆಯಲಾರರು. ಉಪಾಧ್ಯಾಯನ ಕಣ್ಣೊಂದೇ ಕಾಪಾಡಬೇಕು.

ಇನ್ನೊಂದು ಏರ್ಪಾಡು ಪದಕದ ಪರೀಕ್ಷೆ. ಇದರಲ್ಲಿ ಯಾರನ್ನೂ ಸೋಲಿಸಬೇಕಾದುದಿಲ್ಲ; ಗೊತ್ತುಮಾಡಿದ ಮಟ್ಟವನ್ನು ಮುಟ್ಟಿದ ಪ್ರತಿಯೊಬ್ಬನಿಗೂ ಪದಕ. ಈ ಮಾದರಿಯಲ್ಲೇ 1913ರಲ್ಲಿ ಅಮೆರಿಕದ ಕ್ರೀಡಾಂಗಣ ಸಂಘವು ಇಡೀ ದೇಶಕ್ಕೆ ಪರೀಕ್ಷೆಗಳನ್ನು ಹೊರಡಿಸಿತು. ಹುಡುಗರ ಮೊದಲನೆಯ ಪರೀಕ್ಷೆಯಲ್ಲಿ ಕಂಬಿಯ ಮೇಲೆ 4 ಸಲ ಮೈಯೆತ್ತಬೇಕು, ನಿಂತಲ್ಲಿಂದ 5 ಅಡಿ 9 ಅಂಗುಲ ನೆಗೆಯಬೇಕು, 60 ಗಜವನ್ನು ಎಂಟೂ ಮೂರೈದಾಂಶ ಸೆಕೆಂಡುಗಳಲ್ಲಿ ಓಡಬೇಕು. ಹುಡುಗಿಯರ ಪರೀಕ್ಷೆಯಲ್ಲಿ ಬುಗುರಿಯಾಕಾರದ ಮರದ ಗದೆಗಳನ್ನು ನಿಲ್ಲಿಸುತ್ತ ಓಡುವ ಪಂದ್ಯವೊಂದಿತ್ತು. ಆ ಗದೆಗಳಿಗೆ ಅಲ್ಲಿ ಇಂಡಿಯನ್ ಕ್ಲಬ್ ಎಂದೇ ಹೆಸರು. ನಮ್ಮ ಜಟ್ಟಿಗಳು ತಿರುಗಿಸುವ ಮುದ್ಗರವನ್ನು ಇಂಗ್ಲಿಷ್ ಸೈನ್ಯಾಧಿಕಾರಿಗಳು ಇಲ್ಲಿ ಕಂಡು ತಮ್ಮ ದೇಶಕ್ಕೆ ಒಯ್ದರು. ಅಲ್ಲಿಂದ ಅದು ಅಟ್ಲಾಂಟಿಕ್ ದಾಟಿತು. 1866ರಲ್ಲಿಯೇ ನ್ಯೂಯಾರ್ಕಿನಲ್ಲಿ ಕೆಹೋ ಎಂಬಾತನು ಅದರ ಮೇಲೆ ಪುಸ್ತಕವನ್ನು ಪ್ರಕಟಿಸಿದ್ದನು. ಮುಂದೆ ಡ್ರಿಲ್ಲು ಮಾಸ್ತರರ ಕೈಯಲ್ಲಿ ಅದು ಭಾರತದ ಶಾಲೆಗಳಿಗೆ ಹಿಂದಿರುಗಿದಾಗ ವಿದೇಶದ ವಸ್ತುವಿನಂತೆ ಕಂಡಿತು!

ಹುಡುಗಿಯರ ಶಾಖೆಯು ಆರಂಭವಾದುದು 1905ರಲ್ಲಿ. ಈ ಪ್ರಯೋಗದಲ್ಲಿ ಹೆಚ್ಚು ಮೆಚ್ಚತಕ್ಕ ಭಾಗವೂ ಇದೇ. ಇದರ ಜೀವಾಳವಾದ ಎಲಿಜಬೆತ್ ಬರ್ಚೆನಾಲಳು ಎರಡು ಕಟ್ಟುಗಳನ್ನು ಬಿಗಿಯಾಗಿ ಪಾಲಿಸಿದಳು: ಶಾಲೆಶಾಲೆಗಳ ನಡುವೆ ಪಂದ್ಯ ಕೂಡದು; ಆಯ್ದ ಕೆಲವರಿಗಾಗಿ ಆಟವಿರಕೂಡದು. ಓಟ, ಚೆಂಡಾಟಗಳ ಸಂಗಡ ಜಾನಪದ ನೃತ್ಯಗಳನ್ನು ಅವಳು ಮುಖ್ಯವಾಗಿ ಇಟ್ಟಳು. ಇವನ್ನು ಕಲಿಸುವವರು ಯಾರು? ಸಂಬಳ ಕೊಟ್ಟು ತರಬೇತಾದವರನ್ನು ನೇಮಿಸಲು ಹಣವಿರಲಿಲ್ಲ. ಆದಕಾರಣ ತರಗತಿಯ ಉಪಾಧ್ಯಾಯಿನಿಯರಿಗೇ ಶಾಖೆಯು ಉಚಿತವಾಗಿ ನೃತ್ಯಪಾಠ ಹೇಳಿತು. ಕಲಿತವರು ಶಾಲೆ ಬಿಟ್ಟ ಮೇಲೆ ತಮ್ಮ ಶಾಲೆಯಲ್ಲಿ ಹುಡುಗಿಯರ ಆಟದ ಸಂಘವೊಂದನ್ನು ನಡಸಬೇಕೆಂಬುದೇ ಗುರುದಕ್ಷಿಣೆ. ದಿನವೆಲ್ಲ ಪಾಠ ಹೇಳಿ ದಣಿದ ಉಪಾಧ್ಯಾಯಿನಿಯರು ಸಂಜೆಯ ಹೊತ್ತು ತಾರಸಿಯ ಮೇಲೋ ನೆಲಮನೆಯ ಅಂಗಳದಲ್ಲೋ ಮಕ್ಕಳೊಡನೆ ಕುಣಿಯಲು ನಿಂತರೆಂಬುದು ಸಾಮಾನ್ಯವಾದ ಮಾತಲ್ಲ.

ಕುಣಿದ ನೃತ್ಯಗಳಾದರೂ ಯಾವುವು? ಐರ್ಲೆಂಡ್, ಸ್ವೀಡನ್, ಇಟಲಿ, ರಷ್ಯ, ಹಂಗೆರಿಗಳ ಹಳ್ಳಿಯ ಕುಣಿತಗಳು. ಆ ಹುಡುಗಿಯರ ತಾಯಂದಿರಲ್ಲಿ ಅನೇಕರು ಬಿಟ್ಟುಬಂದ ನಾಡಿನವು. ಹೊಸ ದೇಶದ ಭಾಷೆಯನ್ನು ಮಕ್ಕಳಿಂದ ಕಲಿಯಬೇಕಾಗಿ ಬಂದು ಅವರ ಮುಂದೆ ಸಣ್ಣವರಾಗುತ್ತಿದ್ದ ತಾಯಂದಿರಿಗೆ, ಇಲ್ಲಿ ಮಕ್ಕಳಿಗಿಂತ ತಾವು ಮೊದಲೇ ಬಲ್ಲ ವಿದ್ಯೆಯೊಂದು ದೊರಕಿತು. ಕನ್ನಡನಾಡಿನ ಹುಡುಗಿ ಪರದೇಶದ ಶಾಲೆಯೊಂದರಲ್ಲಿ ಕೋಲಾಟ ಕಲಿತು ಮನೆಗೆ ಬಂದರೆ ಅಜ್ಜಿಯ ಮುಖ ಹೇಗಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ವಸಂತದಲ್ಲಿ ಸೆಂಟ್ರಲ್ ಪಾರ್ಕಿನ ಹುಲ್ಲಿನ ಮೇಲೆ ಈ ಸಂಘಗಳ ಸಾವಿರಾರು ಹುಡುಗಿಯರು ಒಂದಾಗಿ ಕುಣಿಯುತ್ತಿದ್ದರು. ಅಲ್ಲಿ ಬಹುಮಾನವಿರಲಿಲ್ಲ. ಆದರೂ ಪಂದ್ಯವು ಹೆಣ್ಣುಮಕ್ಕಳಿಗೆ ಸಲ್ಲದೆಂಬ ಅಂದಿನ ಎಣಿಕೆಯೂ ಈ ಏರ್ಪಾಡಿನಲ್ಲಿ ಬೆರೆತಿತ್ತೆಂಬುದನ್ನು ಮರೆಯಲಾಗದು. ಗೆಲ್ಲಬೇಕೆಂಬ ಆಸೆಯಿದ್ದ ಹುಡುಗಿಗೆ ಅಲ್ಲಿ ದಾರಿಯಿರಲಿಲ್ಲ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬಹುಕಾಲ ಲೀಗಿನ ಅಧ್ಯಕ್ಷನಾಗಿದ್ದ ವಿಂಗೇಟನ ಒಲವು ಸೈನಿಕ ಶಿಕ್ಷಣದ ಕಡೆಗೆ. ಪ್ರೌಢಶಾಲೆಗಳಲ್ಲಿ ಬಂದೂಕಿನ ಗುರಿಯ ಅಭ್ಯಾಸವೂ ಸೇರಿತು. ಯೂರೋಪಿನ ಮಹಾಯುದ್ಧದ ಕಾವಿನಲ್ಲಿ 1916ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ಎಂಟು ವರ್ಷಕ್ಕೆ ಮೇಲ್ಪಟ್ಟ ಶಾಲಾಮಕ್ಕಳಿಗೆಲ್ಲ ಅಂಗಸಾಧನೆಯನ್ನು ಕಡ್ಡಾಯಮಾಡಿ ಶಾಸನವಿಧಿಸಿತು. ಗ್ಯುಲಿಕ್ 1918ರಲ್ಲಿ ತೀರಿಕೊಂಡನು. ಲೀಗು ಕ್ರಮೇಣ ವಿದ್ಯಾಮಂಡಲಿಯ ಆಡಳಿತಕ್ಕೆ ಒಳಪಟ್ಟಿತು. ಇಂದಿಗೂ ಅದು ಜೀವಂತವಾಗಿದೆ. ಆದರೆ ಅದರ ಹೆಸರು ಈಗ ಪ್ರಧಾನವಾಗಿ ಪ್ರೌಢಶಾಲೆಗಳ ಆಯ್ದ ತಂಡಗಳ ಪಂದ್ಯಗಳಿಗೆ ಸಲ್ಲುತ್ತದೆ. ಪ್ರಾಥಮಿಕ ಶಾಲೆಯ ಇಡೀ ತರಗತಿ ನೆಗೆಯುವ ಪಂದ್ಯ ಮರೆಗೆ ಸರಿದಿದೆ. ಯಾವುದರ ವಿರುದ್ಧವಾಗಿ ಈ ಪಂದ್ಯ ಹುಟ್ಟಿತೋ ಅದೇ ಕಡೆಗೆ ಗೆದ್ದಿತು.

ಗ್ಯುಲಿಕ್ ಕಲಿಸಿದ ಸ್ಪ್ರಿಂಗ್‌ಫೀಲ್ಡಿಗೂ ದಕ್ಷಿಣ ಭಾರತಕ್ಕೂ ನೇರವಾದ ನಂಟಿದೆ. ಅಲ್ಲಿಯೇ ಕಲಿತು ಬಂದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈ. ಎಂ. ಸಿ. ಎ. ಅಂಗಸಾಧನ ಶಿಕ್ಷಣಶಾಲೆಯನ್ನು ಆರಂಭಿಸಿದನು. 1943ರಲ್ಲಿ ಮಡಿಯುವವರೆಗೂ ಅದಕ್ಕಾಗಿ ದುಡಿದನು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಮದ್ರಾಸ್ ಆಧಿಪತ್ಯದಲ್ಲಿಯೇ ಇದ್ದುವು. ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿದ ಮಾರ್ಗನ್ ಎಂಬಾತನು 1895ರಲ್ಲಿ ಕಲ್ಪಿಸಿದ ವಾಲಿಬಾಲ್, ಇದೇ ವೈ. ಎಂ. ಸಿ. ಎ. ದಾರಿಯಿಂದ ಭಾರತಕ್ಕೆ ಬಂದು, ಎರಡು ಕಂಬ, ಒಂದು ಬಲೆ, ಒಂದು ಚೆಂಡಿನಿಂದಲೇ ಹತ್ತಾರು ಹುಡುಗರನ್ನು ಆಡಿಸಬಲ್ಲುದಾದ ಕಾರಣ ಕನ್ನಡದ ಹಳ್ಳಿಗಳಲ್ಲಿ ಊರಿನ ಆಟವೇ ಆಗಿಹೋಯಿತು.

ಆಟವು ಬಂದಷ್ಟು ಸುಲಭವಾಗಿ ಎಲ್ಲರನ್ನೂ ಆಡಿಸುವ ಏರ್ಪಾಡು ಬರಲಿಲ್ಲ. 2009ರ ಶಿಕ್ಷಣ ಹಕ್ಕಿನ ಕಾನೂನಿನ ಅನುಸೂಚಿಯು ಪ್ರತಿ ಶಾಲೆಗೂ ಆಟದ ಬಯಲಿರಬೇಕು, ಆಟದ ಸಾಮಾನುಗಳಿರಬೇಕೆಂದು ವಿಧಿಸುತ್ತದೆ. ಅಂಗಸಾಧನೆಗೆ ಅರೆಕಾಲಿಕ ಬೋಧಕನನ್ನು ಅದು ಹೇಳುವುದು ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ಮಕ್ಕಳ ಸಂಖ್ಯೆ ನೂರನ್ನು ಮೀರಿದ್ದರೆ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅಂತಹ ಬೋಧಕನನ್ನು ಅನುಸೂಚಿಯು ಹೇಳಿಲ್ಲ. ಅವರ ಆಟವನ್ನು ಪಾಠ ಹೇಳುವ ಉಪಾಧ್ಯಾಯರೇ ನೋಡಿಕೊಳ್ಳಬೇಕಾಗಿದೆ.