ವಾಲ್ವ್ ಮತ್ತು ಹಾರ್ನ್: ರಾಮನಗರ ಸೀಮೆಯ ನೆಲೆಯಿಂದ ಧ್ವನಿವರ್ಧಕ ಚರಿತ್ರೆಯ ಒಂದು ಅಧ್ಯಯನ

ಹಾರ್ನ್ ಎಂದಕೂಡಲೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ಜಾತ್ರೆ, ಮದುವೆ, ಚುನಾವಣೆಗಳಲ್ಲಿ ಕಂಬದ ಮೇಲಿನ ತಗಡಿನ ಕಹಳೆ ಅರಚಿದ ನೆನಪೇ ಎಲ್ಲರಿಗೂ ಇದೆ. ಆದರೆ ಅದೇ ಹಾರ್ನ್ ಸಿನಿಮಾ ಮಂದಿರಗಳ ಪರದೆಯ ಹಿಂದೆ ನಿಂತು, ಪಿಸುಮಾತನ್ನೂ ಕೊನೆಯ ಸಾಲಿಗೆ ಮುಟ್ಟಿಸಿದೆ. ಒಂದೇ ತತ್ತ್ವದ ಸಾಧನ ಮಂದಿರದಲ್ಲಿ ಇಂಪಾಗಿದ್ದು ಬೀದಿಯಲ್ಲಿ ಕರ್ಕಶವಾದದ್ದು ಏಕೆ? ಹಾರ್ನ್ ಹುಟ್ಟಿದ್ದು ಟ್ರಾನ್ಸಿಸ್ಟರಿಗೂ ಮುಂಚಿನ, ಗಾಜಿನ ವಾಲ್ವ್ ಕಾಲದ ಸಣ್ಣ ಶಕ್ತಿಗೆ. ಆ ಜೋಡಿ ಮುರಿದದ್ದರಿಂದ, ಸ್ವರಗಳನ್ನು ಪಾಲು ಮಾಡುವ ಕ್ರಾಸೋವರನ್ನು ಕೈಬಿಟ್ಟದ್ದರಿಂದ ಅದಕ್ಕೆ ಕೆಟ್ಟ ಹೆಸರು ಬಂತು ಎಂಬುದು ಪ್ರಸ್ತುತ ಲೇಖನದ ವಾದ. ಹಳೆಯ ಹಾರ್ನುಗಳಿಗೆ ಕೈಯಾರೆ ಕ್ರಾಸೋವರ್ ಕಟ್ಟಿ, ವಾಲ್ವ್ ಆಂಪ್ಲಿಫೈಯರ್ ಜೋಡಿಸುವ ಹವ್ಯಾಸಿಗಳು ಮಾಡುತ್ತಿರುವುದು ಆ ಜೋಡಿಯನ್ನು ಮತ್ತೆ ಕೂಡಿಸುವ ಕೆಲಸ.

ಸಣ್ಣ ಶಕ್ತಿ, ದೊಡ್ಡ ದನಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್ಹ್ಯಾಮ್ 1915ರಲ್ಲಿ ವಿದ್ಯುತ್ತನ್ನು ದನಿಯಾಗಿಸುವ ಸುರುಳಿಯ ಯೂನಿಟ್ಟಿಗೆ ಗ್ರಾಮಫೋನ್ ಹಾರ್ನ್ ಜೋಡಿಸಿ ಸಾರ್ವಜನಿಕ ಧ್ವನಿವರ್ಧಕವನ್ನು ಸಿದ್ಧಪಡಿಸಿದರು. 1926ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ 555 ಯೂನಿಟ್ ಬಂದ ಮೇಲೆ ಮಾತಿನ ಸಿನಿಮಾಕ್ಕೆ ದಾರಿ ತೆರೆಯಿತು. ಆ ಕಾಲದ ವಾಲ್ವ್ ಆಂಪ್ಲಿಫೈಯರುಗಳು ಕೊಡುತ್ತಿದ್ದದ್ದು ಕೆಲವೇ ವಾಟ್. 1938ರ ಪ್ರಸಿದ್ಧ 300ಬಿ ವಾಲ್ವ್ ಕೂಡ ಒಂಟಿಯಾಗಿ ಕೊಡುವುದು ಸುಮಾರು 8 ವಾಟ್. ಅಷ್ಟರಲ್ಲಿ ಸಾವಿರ ಜನರ ಮಂದಿರ ತುಂಬಬೇಕಿತ್ತು.

ಅದು ಹಾರ್ನಿನಿಂದ ಸಾಧ್ಯವಾಯಿತು. ಬರಿಯ ಕಾಗದದ ಕೋನ್ ತನಗೆ ಬಂದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನು ದನಿಯಾಗಿಸಿದರೆ ಹೆಚ್ಚು. ಒಳ್ಳೆಯ ಹಾರ್ನ್ ಹತ್ತು ಪಾಲು, ಕೆಲವೊಮ್ಮೆ ಅದಕ್ಕೂ ಮೀರಿ ದನಿಯಾಗಿಸುತ್ತದೆ. ಒಂದು ವಾಟಿಗೆ 100 ಡೆಸಿಬಲ್ ಕೊಡುವ ಹಾರ್ನಿಗೆ 10 ವಾಟ್ ಹಾಕಿದರೆ ಬರುವ ಸದ್ದನ್ನು, 90 ಡೆಸಿಬಲ್ಲಿನ ಸ್ಪೀಕರಿನಿಂದ ಪಡೆಯಲು 100 ವಾಟ್ ಬೇಕು. ವಾಲ್ವಿಗೂ ಹಾರ್ನಿಗೂ ಇರುವ ನಂಟಿನ ಮೂಲ ಈ ಲೆಕ್ಕದಲ್ಲಿದೆ.

ಕ್ರಾಸೋವರ್ ಬಂದದ್ದು ಇನ್ನೊಂದು ತೊಡಕಿನಿಂದ. ಮಂದ್ರದಿಂದ ತಾರದವರೆಗೆ ಎಲ್ಲವನ್ನೂ ಒಂದೇ ಹಾರ್ನ್ ನುಡಿಯಲಾರದು. ಆದ್ದರಿಂದ ಸ್ವರಗಳನ್ನು ಪಾಲು ಮಾಡಿ, ಮಂದ್ರವನ್ನು ದೊಡ್ಡ ಪೆಟ್ಟಿಗೆಗೂ ತಾರವನ್ನು ಚಿಕ್ಕ ಹಾರ್ನಿಗೂ ಕಳಿಸಬೇಕಾಯಿತು. 1930ರ ದಶಕದಲ್ಲಿ ಎಂಜಿಎಂ ಸ್ಟುಡಿಯೊದವರಿಗೆ ಒಂದು ಹೊಸ ಸಮಸ್ಯೆ ಎದುರಾಯಿತು. ನರ್ತಕಿಯ ಹೆಜ್ಜೆಯ ಸಪ್ಪಳ ಎರಡೆರಡು ಸಲ ಕೇಳುತ್ತಿತ್ತು. ಮಂದ್ರದ ಮಡಿಸಿದ ಹಾರ್ನ್ ಉದ್ದವಾಗಿದ್ದುದರಿಂದ ಅದರ ದನಿ ತಡವಾಗಿ ಬರುತ್ತಿತ್ತು. ಅದನ್ನು ಸರಿಪಡಿಸಿ 1936ರಲ್ಲಿ ಬಂದದ್ದೇ ಷಿಯರರ್ ಹಾರ್ನ್. ಅದರಲ್ಲಿ ಸ್ವರ ಪಾಲಾಗುತ್ತಿದ್ದದ್ದು 250 ಹರ್ಟ್ಜ್‌ನಲ್ಲಿ. 1945ರ ಹೊತ್ತಿಗೆ ಆಲ್ಟೆಕ್ ಲ್ಯಾನ್ಸಿಂಗ್ ಸಂಸ್ಥೆಯ ವಾಯ್ಸ್ ಆಫ್ ದ ಥಿಯೇಟರ್ ಮಾದರಿಗಳು ಬಂದವು. ಅವುಗಳಲ್ಲಿ 500 ಇಲ್ಲವೇ 800 ಹರ್ಟ್ಜ್‌ಗೆ ಪಾಲು ಮಾಡುವುದು ರೂಢಿಯಾಯಿತು.

ಕನ್ನಡ ನಾಡಿಗೆ ಬಂದ ಬಗೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್‌ನಲ್ಲಿ. ಮರುವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಆರಂಭಿಸಿದರು. ಯಂತ್ರದ ದನಿ ಹೀಗೆ ನಗರಗಳಿಗೆ ಬಂದರೂ ಹಳ್ಳಿಗೆ ಮುಟ್ಟಲು ಬಹಳ ಕಾಲ ಹಿಡಿಯಿತು. ಅಡ್ಡಿಯಾದದ್ದು ವಿದ್ಯುತ್ತಿನ ಕೊರತೆ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ತಂತಿ ಹಾದುಹೋದ ಸೀಮೆಯ ಹಳ್ಳಿಗಳು ಮಾತ್ರ ದಶಕಗಟ್ಟಲೆ ಬುಡ್ಡಿ ದೀಪದಲ್ಲೇ ಇದ್ದವು.

ಮಾಗಡಿ ಸೀಮೆಯಾಗಲಿ, ಪಕ್ಕದ ಕನಕಪುರ, ಚನ್ನಪಟ್ಟಣಗಳಾಗಲಿ ಇದಕ್ಕೆ ಹೊರತಲ್ಲ. ಇಂಥ ಕಡೆ ಮೈಕ್‌ಸೆಟ್ ನಡೆದದ್ದು ಬ್ಯಾಟರಿಯ ಮೇಲೆ. 6 ಅಥವಾ 12 ವೋಲ್ಟಿನ ಬ್ಯಾಟರಿಯ ಕರೆಂಟನ್ನು ವೈಬ್ರೇಟರ್ ಎಂಬ ಸಣ್ಣ ಸಾಧನ ಪಟಪಟನೆ ಕತ್ತರಿಸುತ್ತಿತ್ತು. ಟ್ರಾನ್ಸ್‌ಫಾರ್ಮರ್ ಅದನ್ನು ವಾಲ್ವಿಗೆ ಬೇಕಾದ ಇನ್ನೂರು ಮುನ್ನೂರು ವೋಲ್ಟಿಗೆ ಏರಿಸುತ್ತಿತ್ತು. ಬ್ಯಾಟರಿ ಬೆಳಗಿನ ತನಕ ಬರಬೇಕಾದರೆ ವಾಟ್ ಕಡಿಮೆ ಇರಲೇಬೇಕು. ಅದಕ್ಕೆ ಒದಗಿದ್ದು ಹಾರ್ನ್. 1930ರ ದಶಕದಲ್ಲಿ ಕಾಂಗ್ರೆಸ್ ಅಧಿವೇಶನಗಳಿಗೆ ದನಿ ಕೊಟ್ಟ ಮೋಟ್ವಾನೆಯವರ ಶಿಕಾಗೊ ರೇಡಿಯೊ, 1940ರಲ್ಲಿ ಆರಂಭವಾದ ದೆಹಲಿಯ ಅಹುಜಾ ಸಂಸ್ಥೆ, ಇವೆರಡರ ಹೆಸರೂ ನಮ್ಮ ಮೈಕ್‌ಸೆಟ್‌ನವರಿಗೆ ಚಿರಪರಿಚಿತ.

ಟೂರಿಂಗ್ ಟಾಕೀಸಿನ ಟೆಂಟಿನಲ್ಲೂ ಹಾರ್ನಿಗೆ ತನ್ನದೇ ಸ್ಥಾನವಿತ್ತು. ಘಂಟಸಾಲ ಹಾಡಿದ ವೆಂಕಟೇಶ ಸ್ತುತಿ ಟೆಂಟಿನ ಮೇಲಿನ ಹಾರ್ನಿನಲ್ಲಿ ಕೇಳಿತೆಂದರೆ ಟಿಕೆಟ್ ಕೊಡಲು ಶುರು ಎಂದು ಸುತ್ತಲ ಹಳ್ಳಿಗಳಿಗೆ ತಿಳಿಯುತ್ತಿತ್ತು. ಹೊಲದ ಕೆಲಸ ಮುಗಿಸಿ ಮೈಲಿಗಟ್ಟಲೆ ನಡೆದು ಬರುವವರಿಗೆ ಅದೇ ಗಡಿಯಾರ.

ಮುಂದೆ ವಾಲ್ವಿಗೆ ಹೊರದೇಶದ ಕಡೆ ನೋಡುವುದೂ ತಪ್ಪಿತು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. ಇಎಲ್84, ಇಸಿಸಿ83 ಮೊದಲಾದ ಬಿಇಎಲ್ ವಾಲ್ವುಗಳನ್ನು ಇಂದಿಗೂ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ನಮ್ಮ ಕೈಗಾರಿಕಾ ಚರಿತ್ರೆ ಬರೆಯುವವರು ಜಾಲಹಳ್ಳಿಯ ಈ ಕಾರ್ಖಾನೆಯ ರಾಡಾರಿಗೆ ಕೊಟ್ಟ ಗಮನವನ್ನು ಈ ಗಾಜಿನ ವಾಲ್ವುಗಳಿಗೆ ಕೊಟ್ಟಿಲ್ಲ. ಅದು ದೊಡ್ಡ ಲೋಪ ಎಂದೇ ನನ್ನ ಅಭಿಪ್ರಾಯ.

1975ರ ಆಗಸ್ಟ್ 15ರಂದು ‘ಶೋಲೆ’ ಬಿಡುಗಡೆಯಾಯಿತು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರಿತವಾದ ಈ ಸಿನಿಮಾ 70 ಎಂಎಂ ಪರದೆಗೆ, ಸ್ಟೀರಿಯೊ ಧ್ವನಿಗೆ ಹೆಸರಾಯಿತು. ಅದರ ಸಂಭಾಷಣೆಗಳ ರೆಕಾರ್ಡನ್ನು ಪಾಲಿಡೋರ್ ಸಂಸ್ಥೆ ಹೊರತಂದಿತು. ಬೆಟ್ಟದಲ್ಲಿ ಚಿತ್ರಿತವಾದ ಮಾತು ದೇಶದ ಬೀದಿಬೀದಿಯ ಹಾರ್ನುಗಳಲ್ಲಿ ಮೊಳಗಿತು. ಹಾರ್ನಿನ ಎರಡು ಬಾಳೂ ಇಲ್ಲಿ ಒಟ್ಟಿಗೆ ಕಾಣುತ್ತವೆ: ಮಂದಿರದ ಪರದೆಯ ಹಿಂದೆ ಒಂದು, ಬೀದಿಯ ಕಂಬದ ಮೇಲೆ ಒಂದು.

ಕೆಟ್ಟ ಹೆಸರು ಬಂದದ್ದು

ಹಾರ್ನ್ ಎಷ್ಟು ಕೆಳಗಿನ ಸ್ವರ ನುಡಿಯಬಲ್ಲದು ಎಂಬುದನ್ನು ಅದರ ಬಾಯಿಯ ಸುತ್ತಳತೆ ನಿರ್ಧರಿಸುತ್ತದೆ. 300 ಹರ್ಟ್ಜ್ ಅಲೆಯ ಉದ್ದ ಸುಮಾರು 114 ಸೆಂಟಿಮೀಟರ್. ಅಷ್ಟು ಸುತ್ತಳತೆ ಬರಬೇಕಾದರೆ ಬಾಯಿಯ ಅಗಲ 36 ಸೆಂಟಿಮೀಟರ್ ಇರಬೇಕು. ಜಾತ್ರೆಯ ಹಾರ್ನ್ ಹೆಚ್ಚುಕಡಿಮೆ ಇದೇ ಅಳತೆಯದು, ಮಂದ್ರವನ್ನು ಬೇರೆ ಪೆಟ್ಟಿಗೆಗೆ ಕಳಿಸುವ ಕ್ರಾಸೋವರ್ ಅದಕ್ಕಿಲ್ಲ. ಅಂದರೆ ತಮಟೆಯ ಗುಡುಗು, ಡೊಳ್ಳಿನ ಎಡಬದಿ ಅದರಲ್ಲಿ ಬರಲಾರವು. ರಾಜ್‌ಕುಮಾರ್ ಅವರ ಕಂಠದ ಮೂಲಸ್ವರವೂ ಬಹುಮಟ್ಟಿಗೆ ಅದರ ಅಳವಿಗೆ ಕೆಳಗೇ ಇದೆ. ಆದರೂ ಆ ಕಂಠವನ್ನು ಎಲ್ಲರೂ ತಪ್ಪದೆ ಗುರುತಿಸುತ್ತಿದ್ದರು, ಏಕೆಂದರೆ ಮೇಲಿನ ಅನುಸ್ವರಗಳಿಂದಲೇ ಕಿವಿ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ.

ವಾಲ್ವ್ ಕಾಲದಲ್ಲಿ ಈ ಕೊರತೆ ಅಷ್ಟಾಗಿ ಬಾಧಿಸಲಿಲ್ಲ. ಟ್ರಾನ್ಸಿಸ್ಟರ್ ಬಂದು ವಾಟ್ ಅಗ್ಗವಾದಾಗ ಸಮತೋಲ ತಪ್ಪಿತು. ಹತ್ತು ವಾಟಿನ ಜಾಗಕ್ಕೆ ನೂರು ಬಂತು, ಎರಡು ಹಾರ್ನಿನ ಜಾಗಕ್ಕೆ ಹನ್ನೆರಡು. ಮಿತಿ ಮೀರಿದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಅಲೆಯ ತುದಿಯನ್ನು ಚಕ್ಕನೆ ಕತ್ತರಿಸುತ್ತದೆ. ಹಾಗೆ ಹುಟ್ಟಿದ ಕೃತಕ ಅನುಸ್ವರಗಳು, ಕಿವಿ ಅತ್ಯಂತ ಸೂಕ್ಷ್ಮವಾಗಿರುವ 2ರಿಂದ 4 ಸಾವಿರ ಹರ್ಟ್ಜ್‌ನಲ್ಲಿ ಬಂದು ಬೀಳುತ್ತವೆ. ಹಾರ್ನ್ ಅತಿ ಜೋರಾಗಿ ನುಡಿಯುವುದೂ ಅಲ್ಲೇ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿದವು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ನಿಷಿದ್ಧವಾಯಿತು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಲಪಡಿಸಿತು. ನಿಯಮ ನ್ಯಾಯವಾದದ್ದೇ. ಆದರೆ ತಪ್ಪೆಲ್ಲ ಹಾರ್ನಿನದು ಎಂಬ ತೀರ್ಮಾನವನ್ನು ಚರಿತ್ರೆ ಒಪ್ಪುವುದಿಲ್ಲ.

ಪಂಪ್‌ಸೆಟ್ಟಿನ ಸರಕಿನಲ್ಲಿ ಕ್ರಾಸೋವರ್

ಹಳೆಯ ಮಂದಿರದ ಹಾರ್ನಿನ ಕ್ರಾಸೋವರ್ ಪೆಟ್ಟಿಗೆ ಬಿಚ್ಚಿದರೆ ಕಾಣುವುದು ಎರಡು ಬಗೆಯ ವಸ್ತುಗಳು: ತಾಮ್ರದ ಕಾಯಿಲ್ ಮತ್ತು ಕಂಡೆನ್ಸರ್. ಕಾಯಿಲ್ ಮೇಲಿನ ಸ್ವರಗಳನ್ನು ತಡೆದು ಮಂದ್ರವನ್ನು ಬಿಡುತ್ತದೆ. ಕಂಡೆನ್ಸರ್ ಮಂದ್ರವನ್ನು ತಡೆದು ಹಾರ್ನಿನ ಯೂನಿಟ್ಟನ್ನು ಕಾಪಾಡುತ್ತದೆ. ಕಾಯಿಲ್ ಕೆಡುವುದು ಅಪರೂಪ, ಕಂಡೆನ್ಸರ್ ಒಣಗುತ್ತದೆ. ಆಗ ಪಾಲು ಆಗುವ ಜಾಗವೇ ಸರಿದು, ಇಂಪಾದ ಹಾರ್ನ್ ಕೀರಲಾಗುತ್ತದೆ. ಹಳೆಯ ಹಾರ್ನಿನ ಸುಧಾರಣೆ ಎಂದರೆ ಹೆಚ್ಚಿನ ಸಲ ಈ ಕಂಡೆನ್ಸರ್ ಬದಲಾಯಿಸುವುದೇ.

16 ಓಮ್‌ನ ಯೂನಿಟ್ಟಿಗೆ 800 ಹರ್ಟ್ಜ್‌ನಲ್ಲಿ ಪಾಲು ಮಾಡಲು, ಬಟರ್‌ವರ್ತ್ ಎಂಬ ಫಿಲ್ಟರ್ ಸೂತ್ರದಂತೆ 8.8 ಮೈಕ್ರೊಫ್ಯಾರಡ್ ಕಂಡೆನ್ಸರ್, 4.5 ಮಿಲಿಹೆನ್ರಿ ಕಾಯಿಲ್ ಬೇಕು. ಫ್ಯಾನಿಗೆ ಹಾಕುವ 3.15ರ ಎರಡು, 2.5ರ ಒಂದು ಕಂಡೆನ್ಸರನ್ನು ಪ್ಯಾರಲಲ್ಲಾಗಿ ಸೇರಿಸಿದರೆ ಸರಿಯಾಗಿ 8.8 ಬರುತ್ತದೆ. ಅವು ಪಾಲಿಪ್ರೊಪಿಲೀನ್ ಪದರದವು, ಈ ಕೆಲಸಕ್ಕೆ ಒಗ್ಗುವಂಥವು. ಜಾತ್ರೆಯ ಒಂಟಿ ಹಾರ್ನಿನ 16 ಓಮ್ ಯೂನಿಟ್ ಉಳಿಸಲು ಪಂಪ್ ಮೋಟಾರಿನ 36 ಮೈಕ್ರೊಫ್ಯಾರಡ್ ರನ್ನಿಂಗ್ ಕಂಡೆನ್ಸರ್ ಒಂದನ್ನು ಸೀರೀಸಿನಲ್ಲಿ ಹಾಕಿದರೆ ಸಾಕು. ಸ್ಟಾರ್ಟಿಂಗ್ ಕಂಡೆನ್ಸರ್ ಮಾತ್ರ ಬೇಡ, ಅದು ಬೇರೆ ಜಾತಿಯದು. ಕಾಯಿಲಿಗೆ ಬೇಕಾದ ಎನಾಮಲ್ ತಂತಿ ಯಾವುದೇ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ. ಕೊಳವೆಬಾವಿಯನ್ನೇ ನಂಬಿದ ಈ ಸೀಮೆಯಲ್ಲಿ ವೈಂಡಿಂಗ್ ಬಲ್ಲ ಕೈಗಳಿಗೆ ಬರವಿಲ್ಲ.

ಇನ್ನೆರಡು ಸೂಕ್ಷ್ಮಗಳುಂಟು. ಕಾಯಿಲ್, ಕಂಡೆನ್ಸರ್ ಎರಡೂ ಇರುವ ಬಟರ್‌ವರ್ತ್ ಕ್ರಾಸೋವರಿನಲ್ಲಿ ಎರಡು ಸ್ಪೀಕರುಗಳ ಅಲೆಗಳು ಪರಸ್ಪರ ವಿರುದ್ಧವಾಗುವುದರಿಂದ ಒಂದರ ತಂತಿಗಳನ್ನು ಅದಲುಬದಲು ಮಾಡಬೇಕು. ಹಾರ್ನ್ ಮಂದ್ರದ ಸ್ಪೀಕರಿಗಿಂತ ಜೋರಾಗಿರುವುದರಿಂದ ರೆಸಿಸ್ಟರುಗಳಿಂದ ಅದನ್ನು ತಗ್ಗಿಸಬೇಕು. ಇಷ್ಟಾದ ಮೇಲೆ ಎರಡು ಇಎಲ್84 ಇರುವ ಹತ್ತು ಹನ್ನೆರಡು ವಾಟಿನ ಆಂಪ್ಲಿಫೈಯರ್ ಮನೆಗೆ ಧಾರಾಳವಾಯಿತು. ಅದರಲ್ಲಿ ಕಷ್ಟದ ಭಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವಿನ ಸಾವಿರಾರು ಓಮ್‌ಗಳನ್ನು ಹಾರ್ನಿನ 16 ಓಮ್‌ಗೆ ಇಳಿಸುವ ಅದನ್ನು ಪದರ ಪದರವಾಗಿ ಸುತ್ತಬೇಕು. ಸ್ವಿಚ್ ಆರಿಸಿದ ಮೇಲೂ ಆಂಪ್ಲಿಫೈಯರಿನ ಕಂಡೆನ್ಸರುಗಳಲ್ಲಿ ಮುನ್ನೂರು ವೋಲ್ಟ್ ಉಳಿದಿರಬಹುದು. ಅದು ಜೀವ ತೆಗೆಯುತ್ತದೆ, ಹುಡುಗಾಟಕ್ಕೆ ಕೈ ಹಾಕಬಾರದು.

ಮಂದಿರಗಳು ಒಂದೊಂದಾಗಿ ಮುಚ್ಚುತ್ತಿವೆ. ಬೆಂಗಳೂರಿನ ಗಾಂಧಿನಗರದಲ್ಲಿ 1968ರಲ್ಲಿ ಆರಂಭವಾದ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. ಇಂಥ ಕಡೆಯ ಹಾರ್ನ್ ಒಂದು ಗುಜರಿಗೆ, ಅದರ ಕ್ರಾಸೋವರ್ ಪೆಟ್ಟಿಗೆ ಇನ್ನೊಂದು ಗುಜರಿಗೆ ಹೋದರೆ ಎರಡೂ ವ್ಯರ್ಥ. ಮಂದಿರದ ಮಾಲೀಕರು, ಮೈಕ್‌ಸೆಟ್ ಮನೆತನದವರು, ದೇವಸ್ಥಾನ ಸಮಿತಿಗಳವರು ಮಾರುವ ಮುನ್ನ ಹೆಸರಿನ ಪಟ್ಟಿ, ಓಮ್, ವಾಲ್ವ್ ನಂಬರುಗಳನ್ನು ಬರೆದಿಟ್ಟು, ಎಲ್ಲವನ್ನೂ ಜೊತೆಯಾಗಿಯೇ ಕೊಡಬೇಕು. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಂಥ ಸಂಗ್ರಹಾಲಯಗಳು ಮೈಕು, ವಾಲ್ವ್ ಆಂಪ್ಲಿಫೈಯರ್, ಬ್ಯಾಟರಿ, ವೈಬ್ರೇಟರ್, ಹಾರ್ನ್ ಎಲ್ಲ ಇರುವ ಒಂದು ಪೂರ್ತಿ ಮೈಕ್‌ಸೆಟ್ಟನ್ನಾದರೂ ನುಡಿಯುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕೆಂದು ಈ ಮೂಲಕ ಕೋರುತ್ತೇನೆ.