ಜೇನುನೊಣಗಳ ಕುಣಿತದ ಭಾಷೆ

ಮೇವು ಸಿಕ್ಕ ಜಾಗದ ದಿಕ್ಕನ್ನೂ ದೂರವನ್ನೂ ಜೇನುನೊಣಗಳು ಗೂಡಿನ ಸಂಗಾತಿಗಳಿಗೆ ಕುಣಿದು ತಿಳಿಸುವ ಕ್ರಮ. ಕಣ್ಣೆದುರಿಗಿಲ್ಲದ ವಸ್ತುವಿನ ಸುದ್ದಿ ಹೇಳಬಲ್ಲವನು ಮನುಷ್ಯನೊಬ್ಬನೇ ಎಂಬ ನಂಬಿಕೆಯನ್ನು ಅಲುಗಿಸಿದ ಶೋಧವಿದು.

ಮೇವು ತಂದ ನೊಣ ಮೈ ಅಲುಗಿಸುವುದನ್ನೂ ಕೆಲವು ನೊಣಗಳು ಅದರ ಬೆನ್ನು ಹತ್ತುವುದನ್ನೂ ಅರಿಸ್ಟಾಟಲ್ ಗಮನಿಸಿದ್ದ. ಅದರ ಅರ್ಥ ಬಿಡಿಸಿದವರು ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್ (1886–1982). ಸುತ್ತು ಕುಣಿತ ಮಕರಂದವನ್ನೂ ಹೊಟ್ಟೆ ಅಲುಗಿಸುವ ಕುಣಿತ ಪರಾಗವನ್ನೂ ಸೂಚಿಸುತ್ತದೆಂದು 1920ರ ದಶಕದಲ್ಲಿ ಅವರು ತಿಳಿದಿದ್ದರು. ಯುದ್ಧಕಾಲದಲ್ಲಿ, ಯಹೂದಿ ಮೂಲದ ನೆಪದಲ್ಲಿ ನಾಜಿ ಆಡಳಿತ ಅವರನ್ನು ಮ್ಯೂನಿಕ್‌ನ ಹುದ್ದೆಯಿಂದ ತೆಗೆಯಹೊರಟಿತು. ಆಗ ನೊಸೆಮಾ ರೋಗದಿಂದ ಜೇನುಕುಟುಂಬಗಳು ನಾಶವಾಗುತ್ತಿದ್ದವು. ಅವರ ಪರಿಣತಿ ಬೇಕಾಗಿದ್ದರಿಂದ ಹುದ್ದೆ ಉಳಿಯಿತು.

1944ರ ಬೇಸಿಗೆಯಲ್ಲಿ ಬ್ರುನ್‌ವಿಂಕಲ್‌ನಲ್ಲಿ ಸಕ್ಕರೆ ಪಾಕದ ಬಟ್ಟಲನ್ನು ದೂರಕ್ಕೊಯ್ದು ಇಟ್ಟಾಗ, ತರುವುದು ಬರಿಯ ಪಾಕವಾದರೂ ನೊಣಗಳು ಹೊಟ್ಟೆ ಅಲುಗಿಸಿಯೇ ಕುಣಿದವು. ವ್ಯತ್ಯಾಸ ಮೇವಿನದಲ್ಲ, ದೂರದ್ದು! ಮರುವರ್ಷ ದಿಕ್ಕಿನ ಗುಟ್ಟೂ ಬಯಲಾಯಿತು. ಕತ್ತಲ ಗೂಡಿನ ನೇರ ಎರಿಯ ಮೇಲೆ ನೊಣ ಮೇಲ್ಮುಖವಾಗಿ ಓಡಿದರೆ ಮೇವು ಸೂರ್ಯನ ದಿಕ್ಕಿನಲ್ಲಿದೆ. ಲಂಬರೇಖೆಯಿಂದ ಬಲಕ್ಕೆ 40 ಡಿಗ್ರಿ ವಾಲಿ ಓಡಿದರೆ ಸೂರ್ಯನಿಂದ ಬಲಕ್ಕೆ ಅಷ್ಟೇ ಕೋನದಲ್ಲಿದೆ. ಅಲುಗಿಸುವ ಓಟ ದೀರ್ಘವಾದಷ್ಟೂ ಮೇವು ದೂರ. ಹೊತ್ತು ಸರಿದಂತೆ ಸೂರ್ಯನ ಜೊತೆ ಕುಣಿತದ ಓರೆಯೂ ಬದಲಾಗುತ್ತದೆ. ಅಂಗೈಯಗಲದ ಎರಿಯ ಮೇಲೆ ಇಷ್ಟು ಖಚಿತವಾಗಿ ದಾರಿ ಹೇಳುವ ಇನ್ನೊಂದು ಕೀಟ ಕಂಡುಬಂದಿಲ್ಲ.

ನೊಣಗಳು ವಾಸನೆ ಹಿಡಿದೇ ಹೋಗುತ್ತವೆಂದು 1967ರಿಂದ ಏಡ್ರಿಯನ್ ವೆನ್ನರ್ ವಾದಿಸಿದರು. ಅದು ಒಳ್ಳೆಯದೇ ಆಯಿತು, ಪ್ರಯೋಗಗಳು ಬಿಗಿಯಾದವು. 1975ರಲ್ಲಿ ಜೇಮ್ಸ್ ಗೂಲ್ಡ್, ಕುಣಿಯುವ ನೊಣದ ನೆತ್ತಿಗಣ್ಣುಗಳಿಗೆ ಬಣ್ಣ ಬಳಿದು, ನೋಡುವ ನೊಣಗಳು ತಪ್ಪು ದಿಕ್ಕನ್ನು ಓದಿಕೊಳ್ಳುವಂತೆ ಮಾಡಿದರು; ಅವು ಆ ದಿಕ್ಕಿಗೇ ಹೋದವು. 2005ರಲ್ಲಿ ರಾಡಾರ್ ಹಿಡಿದ ಜಾಡುಗಳೂ ಫ್ರಿಶ್ ಪರವಾಗಿ ನಿಂತವು. ಅವರಿಗೆ 1973ರಲ್ಲೇ ನೊಬೆಲ್ ಬಂದಿತ್ತು.

ಫ್ರಿಶ್ ಶಿಷ್ಯ ಮಾರ್ಟಿನ್ ಲಿಂಡೌಯರ್ ಏಷ್ಯಾದ ಜೇನುಗಳನ್ನು ನೋಡಲು 1950ರ ದಶಕದಲ್ಲಿ ಸಿಂಹಳಕ್ಕೆ ಬಂದರು. ಕೋಲುಜೇನು ಎರಿಯ ಸಮತಟ್ಟಾದ ನೆತ್ತಿಯ ಮೇಲೆ ಕುಣಿದು, ಮೇವಿನ ಕಡೆಗೇ ನೇರವಾಗಿ ತೋರಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದವರೂ ಇದ್ದ ತಂಡವೊಂದು 2020ರಲ್ಲಿ ತುಡುವೆ, ಕೋಲುಜೇನು, ಹೆಜ್ಜೇನುಗಳನ್ನು ಹೋಲಿಸಿತು. ಹತ್ತಿರದಲ್ಲೇ ಮೇಯುವ ತುಡುವೆ, ಅದೇ ದೂರಕ್ಕೆ ದೂರ ಹಾರುವ ಹೆಜ್ಜೇನಿಗಿಂತ ಹೆಚ್ಚು ಹೊತ್ತು ಅಲುಗುತ್ತದೆ.

ಕುಣಿತ ಪೂರ್ತಿ ಹುಟ್ಟುಗುಣವೂ ಅಲ್ಲ. ಹಿರಿಯ ನೊಣಗಳ ಕುಣಿತ ನೋಡದೆ ಬೆಳೆದ ನೊಣಗಳು ದೂರವನ್ನು ತಪ್ಪಾಗಿ ಹೇಳುತ್ತವೆ, ಆ ತಪ್ಪು ಕಡೆಯವರೆಗೂ ತಿದ್ದಿಕೊಳ್ಳುವುದಿಲ್ಲ ಎಂದು 2023ರ ಅಧ್ಯಯನವೊಂದು ತೋರಿಸಿತು.